ಸಿನಿಮಾ ಡಬ್ಬಿಯಲ್ಲಿ ಅವ್ವ

ತಂಗಿ ಸುಮಾ ಇರುವ ಪರದೇಶದ ಊರು ಬ್ರ್ಯಾಂಪ್ಟನ್ನಿನ ಲೈಬ್ರರಿ ಕೌಂಟರಿನ ಮುಂದೆ ಅವಳ ಜೊತೆ ನಿಂತಿದ್ದೆ. ಕೈಯಲ್ಲಿ ಡಬ್ಬಿಯಿಲ್ಲದ ಒಂದು ಸಿನಿಮಾ ಡಿವಿಡಿ. ಇಲ್ಲಿ ಪುಸ್ತಕದ ಹಾಗೆ ಸಿನಿಮಾನೂ ಮನೆಗೆ ಕೊಡುತ್ತಾರೆ. ಗಡಿಬಿಡಿಯಲ್ಲಿ ಸುಮಾ ಇದರ ಡಬ್ಬಿಯೊಳಗೆ, ನಾನು ಧಾರವಾಡದಿಂದ ತಂದಿದ್ದ ಅವಳ ಮಗಳ ತೊಟ್ಟಿಲ ಕಾರ್ಯದ ಡಿವಿಡಿ ಇಟ್ಟು ವಾಪಸ್ ಮಾಡಿಬಿಟ್ಟಿದ್ದಳು. ತೀರಿಕೊಂಡ ಅವ್ವ ಅದರಲ್ಲಿ ಜೋಗುಳ ಹಾಡುತ್ತಾಳೆ. ಬೇರೆ ಕಾಪಿ ಇಲ್ಲ.

“ಅಕ್ಕಾ, ಅವ್ವನ ದನಿ ಅದರಾಗಷ್ಟ ಐತಿ,” ಎಂದಳು ಸುಮಾ.

“ಸುಮ್ನಿರು, ಸಿಗತೈತಿ,” ಎಂದೆ.

ಕೌಂಟರಿನಾಕೆ ಕಂಪ್ಯೂಟರ್ ನೋಡಿ, ಆ ಡಬ್ಬಿಯನ್ನು ಆಗಲೇ ಇನ್ಯಾರೋ ಒಯ್ದಿದ್ದರು ಎಂದಳು. ಸುಮಾ ನನ್ನ ಮುಂಗೈ ಗಟ್ಟಿಯಾಗಿ ಹಿಡಿದಳು. ಕೌಂಟರಿನಾಕೆ ಎದ್ದು ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲೇ ಇಲ್ಲ. ಸಾಲಿನಲ್ಲಿ ಹಿಂದೆ ಯಾರೋ ಕೆಮ್ಮಿದರು. ಕೊನೆಗೆ ಡಬ್ಬಿ ಹಿಡಿದು ಬಂದಳು. ತೆರೆದರೆ ನಮ್ಮದೇ ಡಿವಿಡಿ, ಮೇಲೆ ಅಪ್ಪನ ಅಕ್ಷರ.

“ಒಯ್ದವರು ನಿನ್ನೆ ವಾಪಸ್ ಕೊಟ್ಟರು. ಸಿನಿಮಾ ಬದಲಾದದ್ದಕ್ಕೆ ಏನೂ ಅನ್ನಲಿಲ್ಲ,” ಎಂದಳು ಇಂಗ್ಲಿಷಿನಲ್ಲಿ. “ಅವರದು ಒಂದೇ ದೂರು. ಆ ಅಜ್ಜಿಯ ಹಾಡಿಗೆ ಸಬ್‌ಟೈಟಲ್ ಯಾಕಿಲ್ಲ ಅಂತ.”