ಕ್ಲಚ್ಚಿಲ್ಲದ ಬಸ್ಸು

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ ಕಂಪ್ಯೂಟರ್ ಕೋಣೆಯ ಸ್ವಿಚ್ ಹಾಕಿದರೆ ಒಂದು ವಾಸನೆ ಬರುತ್ತದೆ. ಎರಡು ತಿಂಗಳು ಕೂತ ಧೂಳು ಬಿಸಿಯಾಗುವ ವಾಸನೆ. ಇಸ್ತ್ರಿ ಪೆಟ್ಟಿಗೆಗೂ ಗೋಣಿಚೀಲಕ್ಕೂ ನಡುವಿನದು ಎನ್ನಬಹುದೇನೋ. ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ. ಈ ಸಲ ನಾನು ಬಾಗಿಲಲ್ಲೇ ನಿಂತು ಎರಡು ಸಲ ಉಸಿರೆಳೆದುಕೊಂಡೆ. ಜೊತೆಗಿದ್ದ ಹಿಂದಿ ಟೀಚರ್ "ಏನ್ ಮೇಡಂ, ಹುಷಾರಿಲ್ವಾ?" ಎಂದರು. ನಾಲ್ಕು ವರ್ಷದ ಹಿಂದಿನ ಸಂಗತಿಯನ್ನು ಬಾಗಿಲಲ್ಲಿ ನಿಂತು ಹೇಳುವುದು ಹೇಗೆ? ನಿಮಗಾದರೆ ಕೂತು ಹೇಳಬಹುದು.

ನಮ್ಮ ಮನೆಯವರು, ಮಲ್ಲೇಶಪ್ಪ, ಕೊಡ್ಲಿಪೇಟೆಯಿಂದ ಸೋಮವಾರಪೇಟೆ, ಮಡಿಕೇರಿ ಕಡೆಗೆ ಇಪ್ಪತ್ತಾರು ವರ್ಷ ಖಾಸಗಿ ಬಸ್ಸು ಓಡಿಸಿದವರು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ನಾನು ಕಲಿಸಿದ ಸೂತ್ರಗಳನ್ನು ಮರೆತವರೂ ಇವರು ನಿಲ್ಲಿಸಿದ ಬಸ್ಸನ್ನು ನೆನೆಯುತ್ತಾರೆ. ಓಡಿ ಬರುವವರಿದ್ದರೆ ಇವರ ಬಸ್ಸು ನಿಲ್ಲುತ್ತಿತ್ತು, ಅಷ್ಟೇ. ಐವತ್ನಾಲ್ಕನೇ ವಯಸ್ಸಿಗೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಎಡಭಾಗಕ್ಕೆ ಪಾರ್ಶ್ವವಾಯು ಹೊಡೆಯಿತು. ಮಾತು ಉಳಿಯಿತು. ಕೈ ಮೂರು ತಿಂಗಳಲ್ಲಿ ಬಹುಮಟ್ಟಿಗೆ ಮರಳಿತು. ಎಡಗಾಲು ಮಾತ್ರ ಬರಲಿಲ್ಲ.

ಮಡಿಕೇರಿಯಲ್ಲಿ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ, ದಿನಾ ಅಭ್ಯಾಸ ಮಾಡಿದರೆ ಕಾಲು ಬರಬಹುದು, ಬಿಡಬೇಡಿ ಎಂದಿದ್ದರು. ಇವರು ಒಂದಷ್ಟು ದಿನ ಮಾಡಿದರು. ಆಮೇಲೆ ಒಂದು ದಿನ ಗೋಡೆ ನೋಡುತ್ತಾ, "ಬೆರಳು ಅಲ್ಲಾಡ್ಸಿ ಅಂತಾರೆ. ಯಾರಿಗೆ ಹೇಳ್ಲಿ ನಾನು? ಅಲ್ಲಿ ಕೇಳೋರೇ ಇಲ್ಲ" ಎಂದರು. ವ್ಯಾಯಾಮ ಅಲ್ಲಿಗೆ ನಿಂತಿತು. ಕ್ರಮೇಣ ಮಾತೂ ನಿಂತಿತು.

ಅವರನ್ನು ಮತ್ತೆ ಮಾತಾಡಿಸಿದ್ದು ಒಂದು ಆಟ. ಆನ್‌ಲೈನ್ ಪಾಠದ ಕಾಲದಲ್ಲಿ ನಾನು ಕೊಂಡ ಹಳೆಯ ಕಂಪ್ಯೂಟರ್ ಒಂದು ಮೂಲೆಯಲ್ಲಿತ್ತು. ಪೊನ್ನಂಪೇಟೆಯಲ್ಲಿರುವ ನನ್ನ ತಂಗಿ, ತನ್ನ ಮಗಳು ಆಡಿ ಬಿಟ್ಟ ಪುಟ್ಟ ಸ್ಟೇರಿಂಗನ್ನು ತಂದು ಮೇಜಿಗೆ ಬಿಗಿದು, ಬೆಟ್ಟದ ರಸ್ತೆಯಲ್ಲಿ ಬಸ್ಸು ಓಡಿಸುವ ಆಟವನ್ನು ಹಾಕಿಕೊಟ್ಟಳು. ಕೆಳಗೆ ಬಲಗಾಲಿಗೆ ಎರಡು ಪೆಡಲು, ಒಂದು ವೇಗಕ್ಕೆ, ಒಂದು ಬ್ರೇಕಿಗೆ. ಗೇರಿಗೆ ಕೈಯಲ್ಲೊಂದು ಗುಂಡಿ. ಇವರು ಬಗ್ಗಿ ನೋಡಿದರು. "ಕ್ಲಚ್ಚೇ ಇಲ್ವಲ್ಲೇ. ಇದನ್ನೂ ಬಸ್ಸು ಅಂತಾರಾ?"

ಹಾಗೆಂದವರು ಮರುದಿನ ನಾನು ಶಾಲೆಯಿಂದ ಬರುವಾಗ, "ಒಳಗೆ ಹೋಗಿ, ಒಳಗೆ ಹೋಗಿ, ಬಾಗ್ಲಲ್ಲಿ ನಿಲ್ಬೇಡಿ" ಎಂದು ಪರದೆಯೊಳಗಿನ ಬೊಂಬೆ ಪ್ರಯಾಣಿಕರನ್ನು ಗದರುತ್ತಿದ್ದರು. ಅಡುಗೆಮನೆಯಲ್ಲಿ ಅದನ್ನು ಕೇಳುತ್ತಾ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಇವರು ಊಟದಲ್ಲಿ ಏನೂ ಅನ್ನಲಿಲ್ಲ. ಗಾಡಿಯ ಗುಂಗಿನಲ್ಲಿದ್ದರು.

ಹದಿನೈದು ದಿನ ಹೀಗೆ ಕಳೆಯಿತು. ಆಮೇಲೆ ಕಂಪ್ಯೂಟರ್ ಇದ್ದಕ್ಕಿದ್ದಂತೆ ಸ್ತಬ್ಧವಾಗತೊಡಗಿತು. ಬಸ್ಸು ತಿರುವಿನ ನಡುವೆಯೇ ಚಿತ್ರವಾಗಿ ನಿಲ್ಲುತ್ತಿತ್ತು, ಹಾರ್ನಿನ ಸದ್ದು ಗಂಟಲಿಗೆ ಸಿಕ್ಕಿಕೊಂಡಂತೆ ಗುಂಯ್ ಅನ್ನುತ್ತಿತ್ತು. ಸ್ವಿಚ್ ಆರಿಸಿ ಹಾಕುವುದೊಂದೇ ದಾರಿ. ಇವರು ಸ್ಟೇರಿಂಗಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. ಆ ಕೈಗಳನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಕಂಪ್ಯೂಟರ್ ತರಬೇತಿಯ ಸರ್ಟಿಫಿಕೇಟು ಇರುವವಳು ನಾನು, ಸುಮ್ಮನಿರುತ್ತೇನೆಯೇ? ಫೋನಿನಲ್ಲಿ ವಿಡಿಯೋ ನೋಡಿ ಡಬ್ಬದ ಪಕ್ಕದ ತಗಡು ಬಿಚ್ಚಿದೆ. ಬಣ್ಣ ಹಚ್ಚುವ ಬ್ರಶ್ಶಿನಿಂದ ಫ್ಯಾನಿನ ಧೂಳು ಗುಡಿಸಿದೆ. ನಾನು ಹೇಳಿದ ವಾಸನೆ ಆ ಧೂಳಿನದೇ. ಆದರೂ ಬಸ್ಸು ನಿಂತಿತು. ಕಂಪ್ಯೂಟರ್ ವಿಷಯ ಗೊತ್ತಿದ್ದ ಸಹೋದ್ಯೋಗಿಯೊಬ್ಬರನ್ನು ಫೋನಿನಲ್ಲಿ ಕೇಳಿ, ಅವರು ಹೇಳಿದ್ದನ್ನು ಗಟ್ಟಿಯಾಗಿ ಒಪ್ಪಿಸಿದೆ: "ಹೌದಾ, ಡ್ರೈವರ್ ಹಳೇದಾಗಿದೆಯಾ? ತೆಗೆದು ಹೊಸದು ಹಾಕ್ಬೇಕಾ?"

ಹಿಂದಿನಿಂದ ಇವರ ದನಿ ಕೇಳಿತು. "ಅವ್ರು ಹೇಳೋದು ಸರೀನೇ."

ಡ್ರೈವರ್ ಎಂದರೆ ಕಂಪ್ಯೂಟರಿನೊಳಗಿನ ಒಂದು ತಂತ್ರಾಂಶ ಎಂದು ನಾನು ವಿವರಿಸಿದೆ. ಅವರು ತಲೆಯಾಡಿಸಿದರು. ಹೊಸ ಡ್ರೈವರ್ ಹಾಕಿದ ಮೇಲೂ ಬಸ್ಸು ಅದೇ ರೀತಿ ನಿಂತಾಗ, "ತೆಗೆದಿಡು ಇದನ್ನ" ಎಂದರು.

ತೆಗೆದಿಡಲಿಲ್ಲ. ಪೇಟೆಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ನಸೀಮಾಳ ಬಳಿಗೆ ಒಯ್ದೆ. ಮೂವತ್ತೈದರ ಆಸುಪಾಸಿನ ಹೆಂಗಸು. ಯಂತ್ರ ಮುಟ್ಟುವ ಮೊದಲು ಡಾಕ್ಟರಂತೆ ಪ್ರಶ್ನೆ ಕೇಳಿ, ಉತ್ತರವನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳುವವಳು. ಎರಡು ದಿನ ಇಟ್ಟುಕೊಂಡಳು. ಬಿಸಿ ಅಳೆದಳು, ಮೆಮೊರಿ ಪರೀಕ್ಷಿಸಿದಳು, ಕರೆಂಟು ಕೊಡುವ ಪೆಟ್ಟಿಗೆಯನ್ನೇ ಬದಲಿಸಿ ನೋಡಿದಳು, ತಾನೇ ಗಂಟೆಗಟ್ಟಲೆ ಬಸ್ಸು ಓಡಿಸಿದಳು. "ಟೀಚರೇ, ಇಲ್ಲಿ ಒಂದು ಸಲವೂ ನಿಲ್ಲಲಿಲ್ಲ" ಎಂದು ವಾಪಸು ಕೊಟ್ಟಳು. ಮನೆಯಲ್ಲಿ ಜೋಡಿಸಿ ಹತ್ತು ನಿಮಿಷವಾಗಿರಲಿಲ್ಲ, ನಿಂತಿತು.

ಮರುದಿನ ಮಧ್ಯಾಹ್ನ ನಸೀಮಾ ತಾನೇ ಬಂದಳು. ಮೊದಲು ನನ್ನನ್ನು ಆಡಿಸಿದಳು. ಮುಕ್ಕಾಲು ಗಂಟೆಯಲ್ಲಿ ನಾನು ಬಸ್ಸನ್ನು ಏಳು ಸಲ ಕಂದಕಕ್ಕೆ ಇಳಿಸಿದೆ. ಪ್ರಯಾಣಿಕರ ಗತಿ ಏನಾಯಿತೋ, ಕಂಪ್ಯೂಟರ್ ಮಾತ್ರ ನಿಲ್ಲಲಿಲ್ಲ. ಆಮೇಲೆ ಇವರು ಕೂತರು. ಮೂರನೇ ತಿರುವಿಗೆ ನಿಂತಿತು.

"ಟೀಚರ್ ಆಡಿದ್ರೆ ನಿಲ್ಲೋದಿಲ್ಲ. ಅಣ್ಣ ಆಡಿದ್ರೆ ನಿಲ್ತದೆ" ಎಂದು ನಸೀಮಾ ಬರೆದುಕೊಂಡಳು.

"ನಾನು ಆವಾಗ್ಲೇ ಹೇಳಿದ್ನಲ್ಲ. ಡ್ರೈವರೇ ಸರಿಯಿಲ್ಲ" ಎಂದರು ಇವರು.

ಅವಳು ನಗಲಿಲ್ಲ. "ಅಣ್ಣ, ಇನ್ನೊಂದು ಸಲ ಹೋಗಿ. ನಾನು ಇಲ್ಲಿ ಇಲ್ಲ ಅಂತ ಅಂದ್ಕೊಳ್ಳಿ" ಎಂದು ಹೇಳಿ, ಪರದೆಯನ್ನು ಬಿಟ್ಟು ಹಿಂದಕ್ಕೆ ಸರಿದು, ಗೋಡೆಗೊರಗಿ ನೆಲದ ಮೇಲೆ ಕೂತಳು. ಬಸ್ಸು ಹೊರಟಿತು. ಸ್ವಲ್ಪ ಹೊತ್ತಿಗೆ ಇವರು ಎಂದಿನಂತೆ ಬಾಗಿಲಲ್ಲಿ ನಿಂತವರನ್ನು ಗದರತೊಡಗಿದರು. ಆಗ ನಸೀಮಾ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಕರೆದಳು. ನಾನೂ ನೆಲಕ್ಕೆ ಕೂತೆ. ಅವಳು ಮೇಜಿನ ಕೆಳಗೆ ತೋರಿಸಿದಳು.

ಏರು ಬಂತು. ಇವರ ಕೈ ಗೇರಿನ ಗುಂಡಿ ಒತ್ತಿತು. ಅದೇ ಗಳಿಗೆಗೆ ಎಡಪಾದ ನೆಲದ ಮೇಲೆ ಗೇಣುದ್ದ ಮುಂದಕ್ಕೆ ಜಾರಿತು. ಇಲ್ಲದ ಕ್ಲಚ್ಚನ್ನು ತುಳಿದು ಮತ್ತೆ ಹಿಂದಕ್ಕೆ ಬಂತು. ತಿರುವು ಬಂತು. ಮತ್ತೆ ಗೇರು, ಮತ್ತೆ ಪಾದ. ಐದು ತಿಂಗಳಿಂದ ನಾನು ಎರಡೂ ಕೈಯಿಂದ ಎತ್ತಿ ಹಾಸಿಗೆಯ ಮೇಲೆ ಇಡುತ್ತಿದ್ದ ಕಾಲು ಅದು. ಕಡಿದಾದ ತಿರುವಿನಲ್ಲಿ ಅದು ಇನ್ನಷ್ಟು ಮುಂದೆ ಹೋಗಿ, ಪೆಡಲುಗಳ ಪಕ್ಕದಲ್ಲಿಟ್ಟಿದ್ದ ಕಂಪ್ಯೂಟರ್ ಡಬ್ಬಕ್ಕೆ ಹೆಬ್ಬೆರಳಿನಿಂದ ಗುದ್ದಿತು. ಮೇಲೆ ಬಸ್ಸು ನಿಂತಿತು.

ನಾನು ಗಣಿತದವಳು, ಪವಾಡ ಎಂಬ ಮಾತನ್ನು ಬಳಸುವುದಿಲ್ಲ. ಆದರೆ ಮುಚ್ಚಿದ ಬಾಗಿಲ ಹಿಂದೆ ಯಾರೋ ದಿನವೂ ತಪ್ಪದೆ ಕೆಲಸಕ್ಕೆ ಬರುತ್ತಿದ್ದರು, ನಮಗೆ ಯಾರಿಗೂ ತಿಳಿಯದೆ. ನಾವು ಅದನ್ನು ಯಂತ್ರದ ತೊಂದರೆ ಎಂದುಕೊಂಡು ಇಷ್ಟು ದಿನ ಬೈದಿದ್ದೆವು.

ಹೊರಗೆ ಬಂದ ಮೇಲೆ ನಸೀಮಾ ಮೆಲ್ಲಗೆ ಹೇಳಿದಳು: "ಮೆಮೊರಿ ಕೂರೋ ಜಾಗದಲ್ಲಿ ಒಂದು ಕೊಕ್ಕೆ ಸೀಳಿರ್ಬೇಕು. ಕಾಲು ತಾಗಿದಾಗ ಅಲ್ಲಾಡಿ ಬಿಡ್ತದೆ. ಪಕ್ಕದ ಜಾಗಕ್ಕೆ ಹಾಕ್ತೇನೆ, ಸರಿಯಾಗ್ತದೆ. ಆದ್ರೆ ಡಬ್ಬ ಅಲ್ಲೇ ಇರ್ಲಿ ಟೀಚರೇ. ದೂರ ಇಡ್ಬೇಡಿ."

ಇವರಿಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಹೇಳಿದರೆ ಕಾಲು ನಾಚಿಕೊಂಡು ಸುಮ್ಮನಾಗಬಹುದೆಂಬ ಭಯ. ಮಡಿಕೇರಿಯ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಅವರು, "ಹೇಳಿ. ಅದು ಅವರದೇ ಕಾಲಲ್ವಾ" ಎಂದರು.

ನನಗೆ ಬಾಯಲ್ಲಿ ಹೇಳಲು ಆಗಲಿಲ್ಲ. ಡಬ್ಬವನ್ನು ಎಳೆದು ಬೆಳಕಿಗೆ ತಿರುಗಿಸಿದೆ. ಕಪ್ಪು ತಗಡಿನ ಮೇಲೆ, ಹೆಬ್ಬೆರಳಿನ ಎತ್ತರಕ್ಕೆ ಸರಿಯಾಗಿ, ಧೂಳು ಉಜ್ಜಿಹೋಗಿ ಎಂಟಾಣೆ ಅಗಲದ ಹೊಳಪು. ಇವರು ಅದನ್ನು ನೋಡಿದರು. ತಮ್ಮ ಪಾದವನ್ನು ನೋಡಿದರು. ಅಳಬಹುದು ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು.

"ಯಾವ ತಿರುವಲ್ಲಿ?"

ಆ ದಿನ ಬೇಕೆಂದು ಪ್ರಯತ್ನಿಸಿದಾಗ ಪಾದ ಕದಲಲಿಲ್ಲ. ಮರುದಿನವೂ ಇಲ್ಲ. ಆದರೆ ಇವರು ಮತ್ತೆ ಗೋಡೆ ನೋಡಲಿಲ್ಲ. ನಸೀಮಾ ಎಲ್ಲಿಂದಲೋ ಮೂರು ಪೆಡಲಿನ ಜೋಡಣೆ ಹುಡುಕಿ ತಂದಳು. ಬೆಳಿಗ್ಗೆ ವ್ಯಾಯಾಮ, ಸಂಜೆ ಬಸ್ಸು. ಒಂಬತ್ತನೇ ದಿನ ಹೆಬ್ಬೆರಳು ಹೇಳಿದಂತೆ ಕೇಳಿತು. ಅಂಗಳದವರೆಗೆ ನಡೆಯಲು ವರ್ಷ ಹಿಡಿಯಿತು. ಕೋಲು ಇನ್ನೂ ಇದೆ. ನಿಜವಾದ ಬಸ್ಸಿನ ಸ್ಟೇರಿಂಗನ್ನು ಅವರು ಮತ್ತೆ ಹಿಡಿಯಲಿಲ್ಲ, ಹಿಡಿಯುವುದೂ ಇಲ್ಲ. ಅದನ್ನು ಒಪ್ಪಿಕೊಂಡಿದ್ದಾರೆ, ನನಗಿಂತ ಚೆನ್ನಾಗಿಯೇ.

ಮೊನ್ನೆ ಭಾನುವಾರ ಮಡಿಕೇರಿಗೆ ಒಂದು ಮದುವೆಗೆ ಹೊರಟೆವು. ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿತು. ಮದುಮಗನ ಕಡೆಯವರು ನಮಗೆ ಹೇಗೆ ಸಂಬಂಧ ಎಂಬುದನ್ನು ಇವರು ಕಿಟಕಿಯಾಚೆ ನೋಡುತ್ತಾ ನನಗೆ ಬಿಡಿಸಿ ಹೇಳುತ್ತಿದ್ದರು. ಅಜ್ಜಿಯ ತಂಗಿಯ ಮಗ ಎನ್ನುವಷ್ಟರಲ್ಲಿ ಏರು ಶುರುವಾಯಿತು. ನಾನು ಕೆಳಗೆ ನೋಡಿದೆ. ಡ್ರೈವರ್ ಗೇರಿಗೆ ಕೈ ಹಾಕುವುದಕ್ಕೆ ಅರೆಕ್ಷಣ ಮೊದಲೇ ಇವರ ಎಡಪಾದ ಮುಂದಕ್ಕೆ ಹೊರಟಿತ್ತು. ಮಾತು ಅಜ್ಜಿಯ ತಂಗಿಯ ಮಗನಿಂದ ಅವನ ಮಾವನಿಗೆ ಸಾಗಿತ್ತು.

ಇವರ ಕಾಲ ಬಳಿ ಇಟ್ಟಿದ್ದ ಉಡುಗೊರೆಯ ಚೀಲವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಆ ಪಾದಕ್ಕೆ ಜಾಗ ಬಿಟ್ಟೆ.