ಮೆಟ್ಟಿಲ ಕೆಳಗೆ ನಿಂತಿದ್ದವಳು

ಅಂದು ನೀನು ಕಾಲು ಜಾರಿ ಬೀಳಲಿಲ್ಲ, ಇಳಾ. ನಿನ್ನ ಅಕ್ಕ ನಿನ್ನನ್ನು ಮೆಟ್ಟಿಲ ಮೇಲಿಂದ ತಳ್ಳಿದಳು. ಒಗೆದ ಬಟ್ಟೆ ಹಿಡಿದು ಕೆಳಗೆ ನಿಂತಿದ್ದ ನಾನು, ನಿನ್ನ ಅಮ್ಮ, ಅದನ್ನು ಕಣ್ಣಾರೆ ನೋಡಿದೆ. ನೋಡಿಲ್ಲ ಎಂದು ನಿನ್ನ ಅಪ್ಪನಿಗೆ ಹೇಳಿದೆ, ಆಸ್ಪತ್ರೆಯವರಿಗೆ ಹೇಳಿದೆ, ಅಷ್ಟೇಕೆ — ನಿನಗೇ ಹೇಳಿದೆ.

ನಿನಗಾಗ ಒಂಬತ್ತು ವರ್ಷ, ಮೇಘನಾಗೆ ಹದಿಮೂರು. ಬೆಳಿಗ್ಗೆ ಎದ್ದರೆ ಮೊದಲು ಅವಳ ಮುಖ ನೋಡುತ್ತಿದ್ದೆವು, ಆಮೇಲೆ ಮಾತು. ತಟ್ಟೆ ಎಸೆಯುತ್ತಿದ್ದಳು, ನಿನ್ನ ಜುಟ್ಟು ಹಿಡಿದೆಳೆಯುತ್ತಿದ್ದಳು. ಅಪ್ಪನ ಕಾರಿನ ಸದ್ದು ಕೇಳಿದ್ದೇ ತಡ, ತಾನೇ ಅಳುತ್ತಾ ಬಾಗಿಲಿಗೆ ಓಡುತ್ತಿದ್ದಳು. ಬೈಗುಳ ನಿನಗೆ. ರಿಂಗಾಸ್ಕಿಡಿಯ ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ದಿನವಿಡೀ ನಿಂತು ಬಂದ ನಾನು ಯಾರ ತಪ್ಪೆಂದು ವಿಚಾರಿಸುವ ಗೋಜಿಗೂ ಹೋಗುತ್ತಿರಲಿಲ್ಲ. ಅವಳು ಸುಮ್ಮನಾದರೆ ಸಾಕಿತ್ತು. ನೀನು ಹೇಗೂ ಸುಮ್ಮನಿರುತ್ತಿದ್ದೆ — ಅದನ್ನೇ ಬಳಸಿಕೊಂಡೆ.

ಆ ದಿನ ನಿನ್ನ ಮಣಿಕಟ್ಟು ಊದಿಕೊಂಡಿತ್ತು. ಮೇಘನಾ ಮೇಲಿಂದಲೇ, ಒಂದಿಷ್ಟೂ ಗಾಬರಿಯಿಲ್ಲದೆ ನನಗೆ ಹೇಳಿದಳು: "ನಾನು ತಳ್ಳಿದೆ ಅಂತ ಹೇಳಿದ್ರೆ ನನ್ನನ್ನ ಕರ್ಕೊಂಡು ಹೋಗ್ತಾರೆ. ಆಮೇಲೆ ನೀನೇ ಅಳ್ತೀಯ, ಅಮ್ಮ."

ನಾನು ಹೆದರಿದೆ; ಈ ಪರದೇಶದಲ್ಲಿ ಸರ್ಕಾರದವರು ಮಕ್ಕಳನ್ನು ಮನೆಯಿಂದ ಕರೆದೊಯ್ಯುತ್ತಾರೆಂದು ಕೇಳಿದ್ದೆ. ಕಾರಿನಲ್ಲಿ ನಿನಗೆ ಬೆಲ್ಟ್ ಹಾಕುತ್ತಾ ಹೇಳಿದೆ: "ಪುಟ್ಟಾ, ಡಾಕ್ಟರ್ ಕೇಳಿದ್ರೆ ಜಾರಿ ಬಿದ್ದೆ ಅನ್ನು. ಅಕ್ಕನ ಹೆಸರು ಹೇಳ್ಬೇಡ."

"ಬಟ್ ಶೀ ಪುಷ್ಡ್ ಮೀ, ಅಮ್ಮ. ಯೂ ಸಾ."

"ನಾನು ನೋಡಿಲ್ಲ."

ನೀನು ನನ್ನ ಮುಖವನ್ನೇ ನೋಡಿದೆ. ಆಸ್ಪತ್ರೆಯಲ್ಲಿ ನರ್ಸ್ ವಿಚಾರಿಸಿದಾಗ ನೀನೇ, ಬಿದ್ದೆ, ಈಗ ಗ್ರ್ಯಾಂಡ್ ಆಗಿದ್ದೀನಿ, ಏನೂ ತೊಂದರೆ ಇಲ್ಲ ಅಂದೆ — ಕೈ ಮುರಿದ ಮಗು.

ಅಷ್ಟಕ್ಕೇ ಮುಗಿಯಲಿಲ್ಲ. "ಪದೇ ಪದೇ ಬೀಳ್ತಾಳೆ, ಇವಳಿಗೆ ಆಟ ಬೇಡ" ಎಂದು ಅಪ್ಪ ನಿನ್ನ ಕ್ಯಾಮೋಗಿ ಬಿಡಿಸಿದರು. ಆ ಕೋಲು-ಚೆಂಡಿನಾಟವೆಂದರೆ ನಿನಗೆ ಪ್ರಾಣ. ಕ್ಲಬ್ಬಿನ ಜೆರ್ಸಿ ಹಾಕಿಕೊಂಡೇ ಮಲಗುತ್ತಿದ್ದೆ. ಆಗಲಾದರೂ ನಾನು ಒಂದು ಮಾತು — ಆಡಲಿಲ್ಲ. ಜೆರ್ಸಿಯನ್ನು ಮಡಚಿ ಪಕ್ಕದ ಮನೆಯ ಹುಡುಗಿಗೆ ಕೊಟ್ಟು ಬಂದೆ.

ಎರಡು ವರ್ಷದ ನಂತರ ಮೇಘನಾ ನನ್ನ ಮೇಲೆ ಕೈ ಮಾಡಿದಳು. ಮರುದಿನವೇ ನಮ್ಮ ಡಾಕ್ಟರ ಬಳಿ ಹೋಗಿ ಅವಳ ಸಿಟ್ಟಿನ ಬಗ್ಗೆ ಎಲ್ಲ ಹೇಳಿದೆ. ಯಾರೂ ಅವಳನ್ನು ಕರೆದೊಯ್ಯಲಿಲ್ಲ. ಕೌನ್ಸೆಲಿಂಗ್ ಶುರುವಾಯಿತು, ವರ್ಷಗಟ್ಟಲೆ ನಡೆಯಿತು. ಈಗ ಸಿಟ್ಟು ಬಂದರೆ ಎದ್ದು ಹೊರಗೆ ನಡೆಯಲು ಕಲಿತಿದ್ದಾಳೆ. ಸಹಾಯ ಅಷ್ಟು ಹತ್ತಿರದಲ್ಲಿತ್ತು, ಇಳಾ. ನಿನಗೆ ಬಿದ್ದ ಪೆಟ್ಟಿಗೆ ಏಳದ ನಾನು ನನಗೆ ಬಿದ್ದ ಪೆಟ್ಟಿಗೆ ಎದ್ದೆ. ಇದಕ್ಕೆ ಏನು ಹೆಸರಿಡಲಿ —

ಕಳೆದ ವಾರ ಗಾಲ್ವೇಯ ನಿನ್ನ ಹಾಸ್ಟೆಲಿಗೆ ಫೋನ್ ಮಾಡಿ ದೀಪಾವಳಿಗೆ ಬಾ ಎಂದೆ. "ಅಕ್ಕ ಈಗ ಮೊದಲಿನ ಹಾಗಿಲ್ಲ ಪುಟ್ಟಾ" ಅಂತಲೂ ಸೇರಿಸಿದೆ.

ನೀನು ಅಪರೂಪಕ್ಕೆ ಕನ್ನಡದಲ್ಲೇ ಹೇಳಿದೆ: "ಗೊತ್ತು. ನಂಗೆ ಅವಳ ಭಯ ಇಲ್ಲ. ನಿನ್ನ ಮುಂದೆ ಕೂರಕ್ಕೆ ಆಗಲ್ಲ, ಅಮ್ಮ."

ಆ ಸಂಜೆ ಅಪ್ಪನಿಗೆ ಅಂದು ಮೆಟ್ಟಿಲಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅವರು "ಆಟ ಬಿಡಿಸಿದ್ದು ನಾನು" ಎಂದಷ್ಟೇ ಹೇಳಿ ಎದ್ದು ಹೋದರು. ಆಮೇಲೆ ನನ್ನೊಡನೆ ಹೆಚ್ಚು ಮಾತಾಡಿಲ್ಲ. ಮಾತಾಡಿಸಲು ನನಗೂ ಮುಖವಿಲ್ಲ.

ಸುಸ್ತಾಗಿದ್ದೆ ಎನ್ನಬಹುದು. ಸುಸ್ತು ನಿನಗೂ ಇತ್ತಲ್ಲ, ಅಷ್ಟು ಚಿಕ್ಕವಳಿಗೆ.

ಇದನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿನಗೆ ಕನ್ನಡ ಓದಲು ಬಾರದು. ಬಹುಶಃ ಅದಕ್ಕೇ ಇಷ್ಟಾದರೂ ಬರೆದೆನೋ ಏನೋ. ಶನಿವಾರ ಗಾಲ್ವೇ ಬಸ್ ಹತ್ತುತ್ತೇನೆ. ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತೇನೆ. ನಡುವೆ ನೀನು ಎದ್ದು ಹೋದರೆ ತಡೆಯುವುದಿಲ್ಲ.