ಮನೆಯಲ್ಲಿ ಬಿಚ್ಚದ ಗಿಟಾರ್

ಮೂವತ್ನಾಲ್ಕು ವರ್ಷ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದ ಮನುಷ್ಯನಿಗೆ ಮನೆಯಲ್ಲಿ ಹೇಗಿರಬೇಕು ಅನ್ನುವುದೇ ಮರೆತುಹೋಗಿರುತ್ತದೆ. ತಂತಿಗೂ ಹಾಗೇ ಆಗಿತ್ತು. ತಂತಿ ಅನ್ನುವುದು ವಾದ್ಯತಂಡದವರು ಇಟ್ಟ ಅಡ್ಡಹೆಸರು. ಗಿಟಾರ್ ನುಡಿಸುತ್ತಾನೆ ಅಂತ ಒಂದು ಕಾರಣ, ಆಳೂ ತಂತಿಯ ಹಾಗೇ ಇದ್ದಾನೆ ಅಂತ ಇನ್ನೊಂದು. ಪ್ರವಾಸ ಮುಗಿಸಿ ಬಂದ ಮಾರನೆಯ ಬೆಳಿಗ್ಗೆ ಅವನು ಸ್ವಂತ ಮನೆಯ ಬಚ್ಚಲಿನ ಸೋಪನ್ನೇ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಲಾಡ್ಜುಗಳ ಅಭ್ಯಾಸ. ಒಮ್ಮೆ ಹಾಸಿಗೆಯಿಂದ ಏಳುತ್ತಲೇ, "ರೂಮು ಎಷ್ಟು ಗಂಟೆಗೆ ಖಾಲಿ ಮಾಡ್ಬೇಕು?" ಎಂದು ಹೆಂಡತಿಯನ್ನೇ ಕೇಳಿದ್ದ.

"ನಿಂಗಿನ್ನೂ ನಾಲ್ಕು ದಿನ ಟೈಮಿದೆ, ಆರಾಮಾಗಿ ಹಲ್ಲುಜ್ಜು," ಎಂದಿದ್ದಳು ಅವಳು.

ಅವರದು ಬ್ಲೂಸ್-ರಾಕ್ ತಂಡ. ಅಂದರೆ ಎದೆಯ ಸಂಕಟವನ್ನು ಹೇಳಿಕೊಳ್ಳುವ ಹಾಡುಗಳೇ, ಆದರೆ ಪಕ್ಕದ ಬೀದಿಯವರಿಗೂ ಕೇಳುವ ಹಾಗೆ. ಕಾಲೇಜು ಮೈದಾನ, ಹೋಟೆಲಿನ ನೆಲಮಾಳಿಗೆ, ಕಾರ್ಖಾನೆಯ ಕ್ಯಾಂಟೀನು, ಎಲ್ಲಿ ಕರೆದರೆ ಅಲ್ಲಿ. ದೊಡ್ಡ ಹೆಸರೇನೂ ಬರಲಿಲ್ಲ. ಆದರೆ ಯಾವ ಊರಿಗೆ ಹೋದರೂ ನೂರಿನ್ನೂರು ಜನ ಇವರ ಹಾಡುಗಳನ್ನು ಬಾಯಿಪಾಠ ಹೇಳುತ್ತಿದ್ದರು, ಮುಂದಿನ ವರ್ಷ ಮತ್ತೆ ಬರುತ್ತಿದ್ದರು. ಅಷ್ಟರಲ್ಲೇ ಒಂದು ಜೀವಮಾನ ಕಳೆಯಿತು.

ಆ ತಂಡದ ಮೊದಲ ಹಾಡುಗಾರ್ತಿ ಅವನ ಹೆಂಡತಿಯೇ. ವ್ಯಾನಿನ ಹಿಂದಿನ ಸೀಟಿನಲ್ಲಿ ಅವನ ಭುಜಕ್ಕೆ ಒರಗಿ ಕೂತು ಕಿಟಕಿ ಹಾಡನ್ನು ಕಟ್ಟಿದವಳು ಅವಳು. ದೂರದ ದಾರಿಯಲ್ಲಿ ಹೋಗುವ ಹೆಣ್ಣೊಬ್ಬಳು ಬೇರೆಯವರ ಮನೆಗಳ ದೀಪ ಹತ್ತಿದ ಕಿಟಕಿಗಳನ್ನು ಎಣಿಸುತ್ತಾ ಹೋಗುವುದೇ ಆ ಹಾಡು. ಅವಳ ಗಂಟಲಿಗೆ ಹೊಂದಲಿ ಎಂದು ತಂತಿ ಗಿಟಾರಿನ ಕಿವಿ ಹಿಂಡಿ, ಶ್ರುತಿಯನ್ನು ಅರ್ಧ ಸ್ವರ ಕೆಳಗೆ ಇಳಿಸಿಟ್ಟಿದ್ದ. ಅವಳು ಹಾಡಿದರೆ ಬೆನ್ನ ಹಿಂದಿನ ಡ್ರಮ್ಮರ್ ಕೂಡ ಕೈ ಹಗುರ ಮಾಡುತ್ತಿದ್ದ.

ಮಗಳಿಗೆ ಮೂರು ವರ್ಷವಾಗಿದ್ದಾಗ ಒಂದು ದಿನ ಪೆಟ್ರೋಲ್ ಬಂಕಿನಲ್ಲಿ ವ್ಯಾನು ನಿಂತಿತ್ತು. ಹೆಂಡತಿ ಅಲ್ಲಿಂದಲೇ ಮನೆಗೆ ಫೋನ್ ಮಾಡಿದಳು. ಮಗುವಿಗೆ ಜ್ವರ ಏರುತ್ತಲೇ ಇದೆ, ಅಮ್ಮ ಬೇಕು ಅಂತ ಅಳುತ್ತಿದೆ ಎಂದಳು ಮಗುವನ್ನು ನೋಡಿಕೊಳ್ಳುತ್ತಿದ್ದ ಅಜ್ಜಿ. ಅವಳು ಫೋನಿಟ್ಟು, ವ್ಯಾನಿನಿಂದ ತನ್ನ ಚೀಲ ಇಳಿಸಿಕೊಂಡಳು. "ನೀನು ಹೋಗು, ಜನ ಕಾಯ್ತಿರ್ತಾರೆ," ಎಂದಳು. ಅವನು ಹೋದ. ಮಗು ನಾಲ್ಕೇ ದಿನದಲ್ಲಿ ಚೇತರಿಸಿಕೊಂಡಿತು, ಆದರೆ ಅವಳು ಮತ್ತೆ ವ್ಯಾನು ಹತ್ತಲಿಲ್ಲ. ಮಕ್ಕಳ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕಿಟಕಿಯ ಹಿಂದೆ ಕೂತಳು. ಅಷ್ಟು ಒಳ್ಳೆಯ ಗಂಟಲು ಇಪ್ಪತ್ತೇಳು ವರ್ಷ "ಮೂವತ್ತೆರಡು! ಮೂವತ್ತೆರಡನೇ ನಂಬರ್ ಯಾರು?" ಎಂದು ಕೂಗಿತು.

ತಂಡಕ್ಕೆ ಆಮೇಲೆ ಐದು ಜನ ಹಾಡುವವರು ಬಂದು ಹೋದರು. ಎಲ್ಲರದೂ ಒಂದೇ ತಗಾದೆ: "ಅಣ್ಣ, ಈ ಶ್ರುತಿ ನಮಗೆ ಕೂರ್ತಿಲ್ಲ, ಅರ್ಧ ಸ್ವರ ಏರಿಸಿ." ತಂತಿ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಡ್ರಮ್ಮರ್ ಮೂಗು ಮುರಿಯುತ್ತಿದ್ದ, "ಅವಳು ಬರ್ತಾಳೆ ಅಂತ ಕುರ್ಚಿ ಹಿಡ್ಕೊಂಡು ಕೂತಿದ್ದಾನೆ ಇವನು!" ನಿಜವೇ. ಯಾವ ಊರಿನ ವೇದಿಕೆಯಾದರೂ ಕಿಟಕಿ ಹಾಡು ಬಂದಾಗ ಅವನಿಗೆ ಎಡಗಡೆ ಒಂದು ಜಾಗ ಖಾಲಿ ಕಾಣುತ್ತಿತ್ತು. ಹಾಡುತ್ತಿದ್ದವರು ಯಾರೇ ಆಗಲಿ, ಅವನಿಗೆ ಕೇಳುತ್ತಿದ್ದುದು ಅವಳ ದನಿಯೇ. ಅವಳಿಗಾಗಿ ಅವನ ಜೀವ ಅಷ್ಟು ಹಂಬಲಿಸುತ್ತಿತ್ತು.

ಇಷ್ಟೆಲ್ಲ ಹಂಬಲ ಇಟ್ಟುಕೊಂಡವನು ಮನೆಗೆ ಬಂದಾಗ ಮಾಡುತ್ತಿದ್ದುದೇನು? ಗಿಟಾರಿನ ಪೆಟ್ಟಿಗೆಯನ್ನು ಸೀದಾ ಅಟ್ಟಕ್ಕೆ ಏರಿಸಿ, ಅದರ ಮುಂದೆ ಎರಡು ಸೂಟ್‌ಕೇಸ್ ಅಡ್ಡ ಇಡುತ್ತಿದ್ದ. ಹಾಡು ಬಿಟ್ಟು ಕೂತವಳ ಎದುರಿಗೆ ತಾನು ಹೇಗೆ ನುಡಿಸುವುದು, ಗಾಯಕ್ಕೆ ಉಪ್ಪು ಹಾಕಿದ ಹಾಗಲ್ಲವೇ ಎಂದು ಅವನ ಲೆಕ್ಕ. ಮನೆಯಲ್ಲಿರುವಷ್ಟು ದಿನ ಸಂಗೀತದ ಸುದ್ದಿ ತುಟಿಗೆ ತರುತ್ತಿರಲಿಲ್ಲ. ನಲ್ಲಿ ರಿಪೇರಿ ಮಾಡುತ್ತಿದ್ದ, ಮಗಳ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಬಹಳ ಒಳ್ಳೆಯ ಗಂಡ ಎಂದು ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿದ್ದ, ಪಾಪ.

ಅರವತ್ತಕ್ಕೆ ಅವನ ಎಡಗೈ ಬೆರಳುಗಳ ಗಂಟುಗಳು ಊದಿಕೊಳ್ಳತೊಡಗಿದವು. ಇನ್ನು ಸಾಕು ಎಂದು ತಂಡದವರೆಲ್ಲ ಸೇರಿ ತೀರ್ಮಾನ ಮಾಡಿ, ಕೊನೆಯ ಕಾರ್ಯಕ್ರಮವನ್ನು ತಮ್ಮ ಊರಿನ ಸಭಾಂಗಣದಲ್ಲೇ, ಒಂದು ಭಾನುವಾರ ನಾಲ್ಕು ಗಂಟೆಗೆ ಎಂದು ಗೊತ್ತು ಮಾಡಿದರು. ತಂತಿಗೆ ಆಸೆ ಒಂದೇ. ಕಿಟಕಿ ಹಾಡನ್ನು ಅವಳು ಒಂದು ಸಲ ತನ್ನ ಪಕ್ಕದಲ್ಲಿ ನಿಂತು ಹಾಡಬೇಕು. ಈಗ ಆಗದಿದ್ದರೆ ಇನ್ನು ಆಗುವುದೇ ಇಲ್ಲ. ಮೂರು ತಿಂಗಳು ಅವಳ ತಲೆ ತಿಂದ.

"ನಂಗೆ ಹಾಡೋದು ಮರ್ತುಹೋಗಿದೆ. ನಂಬರ್ ಬೇಕಾದ್ರೆ ಕೂಗ್ತೀನಿ," ಎನ್ನುತ್ತಿದ್ದಳು.

ಕೊನೆಗೆ ಕಾರ್ಯಕ್ರಮಕ್ಕೆ ಎಂಟು ದಿನ ಇರುವಾಗ, ಶನಿವಾರ ಮಧ್ಯಾಹ್ನ ಪಾಳಿ ಮುಗಿಸಿ ಬಂದವಳೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, "ಆ ಪೆಟ್ಟಿಗೆ ತೆಗಿ, ನೋಡೇಬಿಡೋಣ," ಎಂದಳು. ತಂತಿ ಅಟ್ಟ ಹತ್ತುವ ಆತುರದಲ್ಲಿ ಸೂಟ್‌ಕೇಸನ್ನು ಕಾಲ ಮೇಲೆ ಬೀಳಿಸಿಕೊಂಡ. ಕುಂಟುತ್ತಲೇ ಬಂದು ಅವಳೆದುರು ಕೂತು ನುಡಿಸಿದ.

ಮೊದಲೆರಡು ಸಾಲು ಬಂದವು. ಮೂರನೆಯ ಸಾಲಿನಲ್ಲಿ ದನಿ ಮೇಲೇರಬೇಕು, ಅಲ್ಲಿ ಸೀಳಿತು. ಮತ್ತೆ ಹಿಡಿದಳು, ಮತ್ತೆ ಸೀಳಿತು.

"ನೀರು ಕುಡಿ," ಎಂದ.

"ನೀರಿಂದ ಆಗೋದಲ್ಲ ಇದು. ನನ್ನ ದನಿ ಅಷ್ಟು ಮೇಲಿಲ್ಲ ಈಗ."

"ಯಾವಾಗಿಂದ?"

"ಯಾವಾಗಿಂದ ಅಂದ್ರೆ? ವಯಸ್ಸಾದಂಗೆ ದಪ್ಪ ಆಯ್ತು."

ತಂತಿಗೆ ಆಗ ಹೊಳೆಯಿತು. ಇಪ್ಪತ್ತೇಳು ವರ್ಷ ಕಂಡವರೆಲ್ಲರ ಹತ್ತಿರ ಬೈಸಿಕೊಂಡು ಅವನು ಕಾಪಾಡಿದ ಶ್ರುತಿ, ಬಂಕಿನಲ್ಲಿ ಇಳಿದು ಹೋದ ಹುಡುಗಿಯದು. ಈ ಸ್ಟೂಲಿನ ಮೇಲೆ ಕೂತ ಹೆಂಗಸನ್ನು ಅವನು ಕೇಳಿಯೇ ಇರಲಿಲ್ಲ. ಬೆರಳು ಸರಿಸಿ, ಒಂದು ಸ್ವರ ಕೆಳಗಿನಿಂದ ನುಡಿಸಿದ. ಆಗಲಿಲ್ಲ. ಇನ್ನೂ ಒಂದು. ಅಲ್ಲಿ ಅವಳ ದನಿ ಕೂತಿತು. ದಪ್ಪ ದನಿ, ಅಂಚು ಒರಟು, ದಿನವಿಡೀ ಕೂಗಿ ದಣಿದದ್ದೂ ಅದರಲ್ಲಿತ್ತು. ಅದೇ ಹಾಡು, ಆದರೆ ಈಗ ಆ ಹೆಣ್ಣು ನಿಜವಾಗಿಯೂ ಎಲ್ಲ ಕಿಟಕಿಗಳನ್ನು ಎಣಿಸಿ ಮುಗಿಸಿದ ಹಾಗಿತ್ತು. ತಂತಿಗೆ ಕಣ್ಣು ತುಂಬಿ ಬಂತು. ಎರಡೂ ಕೈ ಗಿಟಾರಿನ ಮೇಲಿದ್ದುದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

ಹಾಡು ಮುಗಿದ ಮೇಲೆ ಅಂಗಲಾಚಿದ. "ಹೀಗೇ ಹಾಡು ಬಾ. ತಂಡದವರಿಗೆ ಹೇಳ್ತೀನಿ, ಎಲ್ಲರೂ ಶ್ರುತಿ ಬದಲಾಯಿಸ್ಕೊಳ್ತಾರೆ."

"ಬೇಡ. ಅಲ್ಲಿ ಬರೋರಿಗೆ ಆ ಹಳೇ ಹುಡುಗೀನೇ ಬೇಕು. ಈ ವಯಸ್ಸಲ್ಲಿ ಅವಳ ಜೊತೆ ನಂಗ್ಯಾಕೆ ಪೈಪೋಟಿ?" ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು, "ಇಷ್ಟು ವರ್ಷ ಒಂದು ದಿನಾನೂ ಯಾಕೆ ಮನೇಲಿ ಇದನ್ನ ತೆಗೀಲಿಲ್ಲ?"

"ನಿಂಗೆ ನೋವಾಗುತ್ತೆ ಅಂತ."

"ನಿಂಗೆ ಬೇಜಾರು ಬಂದಿರುತ್ತೆ, ಮನೇಲಾದ್ರೂ ಕಿವಿಗೆ ರಜ ಸಿಗಲಿ ಅಂತ ನಾನು ಅಂದ್ಕೊಂಡಿದ್ದೆ." ಅವಳು ಎದ್ದು ಟೀಗೆ ನೀರಿಟ್ಟಳು.

ಭಾನುವಾರ ಸಭಾಂಗಣ ಕಿಕ್ಕಿರಿದಿತ್ತು. ಇಪ್ಪತ್ತಾರು ವರ್ಷದ ಹೊಸ ಹಾಡುಗಾರ್ತಿ ಕಿಟಕಿ ಹಾಡನ್ನು ಹಳೆಯ ಶ್ರುತಿಯಲ್ಲೇ, ಒಂದು ಕೂದಲೆಳೆ ತಪ್ಪದೆ ಹಾಡಿದಳು. ಜನ ಎದ್ದು ನಿಂತರು. ತಂತಿಯ ಬೆರಳುಗಳೂ ಅವತ್ತು ಮಾತು ಕೇಳಿದವು. ಆದರೆ ಜೀವಮಾನವಿಡೀ ಬಯಸಿದ ದನಿಯಂಥದೇ ದನಿ ಪಕ್ಕದಲ್ಲಿ ಮೊಳಗುತ್ತಿರುವಾಗ ಅವನಿಗೆ ಬೇಕೆನ್ನಿಸಿದ್ದು ಅಡುಗೆಮನೆಯ ಆ ಒರಟು ದನಿ. ಮುಗಿದ ಮೇಲೆ ನರೆಗೂದಲಿನ ಅಭಿಮಾನಿಯೊಬ್ಬ ಬಂದು ಕೈಕುಲುಕಿ, "ಮೊದಲು ಹೇಗಿತ್ತೋ ಹಾಗೇ ಇದೆ ಸಾರ್, ಒಂಚೂರೂ ಬದಲಾಗಿಲ್ಲ!" ಎಂದ. ತಂತಿ ಹೂಂ ಎಂದ.

ಮಗಳು ಬಂದಿದ್ದಳು. ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸ, ಮೂವತ್ತು ತುಂಬಿದೆ. ಹಾಡು ಮಾತ್ರ ಅವಳಿಗೆ ಒಲಿದಿರಲಿಲ್ಲ. ಜನ ಕರಗಿದ ಮೇಲೆ ಅಪ್ಪನ ಜೊತೆ ವೈರು ಸುತ್ತಲು ನಿಂತಳು. ಕೇಳಬೇಕೋ ಬೇಡವೋ ಎಂದುಕೊಂಡೇ ಅವನು ಕೇಳಿದ.

"ನಾನಿಲ್ಲದಾಗ ಅಮ್ಮ ಮನೇಲಿ ಹಾಡ್ತಿದ್ಲಾ?"

"ಅಯ್ಯೋ, ದಿನಾ! ಪಾತ್ರೆ ತೊಳೆಯುವಾಗ, ನಂಗೆ ತಲೆ ಬಾಚುವಾಗ. ನೀನು ಬರೋ ದಿನ ಮಾತ್ರ ಬಾಯಿಗೆ ಬೀಗ. ಅಪ್ಪ ವಾರಗಟ್ಟಲೆ ಗಲಾಟೇಲೇ ಇದ್ದು ಬರ್ತಾರೆ, ಸುಮ್ನಿರೋಣ ಅಂತಿದ್ಲು."

ತಂತಿ ಅಲ್ಲೇ ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂತ. ಮೂವತ್ತರ ದನಿ ಐವತ್ತೇಳರ ದನಿಯಾಗುವವರೆಗೆ, ವರ್ಷ ವರ್ಷವೂ, ಅವನದೇ ಮನೆಯಲ್ಲಿ ಹಾಡುತ್ತಲೇ ಇತ್ತು. ಅವನು ಬಾಗಿಲು ತಟ್ಟಿದಾಗೆಲ್ಲ ನಿಂತುಹೋಗಿತ್ತು.

"ನಡುವೆ ಹೇಗಿತ್ತು?" ಎಂದು ಕೇಳಿದ. "ನಲವತ್ತರಲ್ಲಿ, ನಲವತ್ತೈದರಲ್ಲಿ... ಅವಳ ದನಿ ಹೇಗಿತ್ತು ಆಗ?"

ಮಗಳ ಕೈ ನಿಂತಿತು. ಏನೋ ವಿವರಿಸಿ ಹೇಳಲು ಹೊರಟಳು, ಹೇಳಲು ಬರಲಿಲ್ಲ.

"ಚೆನ್ನಾಗಿತ್ತಪ್ಪ," ಎಂದಳು. "ತುಂಬ ಚೆನ್ನಾಗಿತ್ತು."